ಅಂಚು ಕಾಣದ ಗೆರೆ

ನಾನು ಮಾಡುವ ಪುಟ್ಟ ಮಾದರಿ ಕಾರುಗಳ 1:43 ಅಳತೆಯಲ್ಲಿ, ಅಂದರೆ ಅಸಲಿಯ ನಲವತ್ಮೂರರಲ್ಲಿ ಒಂದು ಪಾಲಿನಲ್ಲಿ, 4.5 ಮೀಟರ್ ಉದ್ದದ ಕಾರು ಹತ್ತೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಅಸಲಿ ಕಾರಿನ ಪಕ್ಕೆಯ ಮೇಲೆ 5 ಮಿಲಿಮೀಟರ್ ಅಗಲದ ಬಣ್ಣದ ಗೆರೆಯಿದ್ದರೆ ಮಾದರಿಯಲ್ಲಿ ಅದು 0.12 ಮಿಲಿಮೀಟರ್ ಆಗಬೇಕು. ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಇಂಥ ಗೆರೆಯನ್ನು ಕುಂಚದಿಂದಲೇ ಎಳೆಯಬೇಕೆಂದು ಬಹಳ ಕಾಲ ಹಟ ಹಿಡಿದಿದ್ದೆ. ಕೈ ಪಳಗಿತು, ಆದರೆ ಬಣ್ಣ ಮಣಿಯಲಿಲ್ಲ. ಕುಂಚದ ಬಣ್ಣ ಕೊಂಚ ಉಬ್ಬಿ ನಿಲ್ಲುತ್ತದೆ, ಆ ಉಬ್ಬನ್ನು ಬೆಳಕು ಎತ್ತಿ ತೋರಿಸುತ್ತದೆ. ಗೆರೆಯ ಅಂಚು ಕಂಡರೆ ಮಾದರಿ ಆಟಿಕೆಯಾಗಿಬಿಡುತ್ತದೆ. ಹಾಗಾಗಿ ಈಗ ಗೆರೆಗಳಿಗೂ ಸಂಖ್ಯೆಗಳಿಗೂ ಕಾಗದದ ಮೇಲಿನ ತೆಳು ಪೊರೆಯಲ್ಲಿ ಮುದ್ರಿಸಿದ, ನೀರಿನಲ್ಲಿ ನೆನೆಸಿ ಜಾರಿಸುವ ಡೆಕಾಲ್‌ಗಳನ್ನೇ ನೆಚ್ಚಿಕೊಂಡಿದ್ದೇನೆ.

ಮೊದಲ ಪಾಠ ಕಲಿಸಿದ್ದು ಒಂದು ಕೆಂಪು ರೇಸ್ ಕಾರು. ಡೆಕಾಲ್ ಒಣಗಿದ ಮೇಲೆ ಬಾನೆಟ್ಟಿನ ಸಂಖ್ಯೆಯ ಸುತ್ತ ಬೂದಿ ಸವರಿದಂತೆ ಮಬ್ಬು ಕಾಣಿಸಿಕೊಂಡಿತು. ಹೊಳಪಿಲ್ಲದ ಬಣ್ಣದ ಮೇಲ್ಮೈ ತರಿತರಿಯಾಗಿರುತ್ತದೆ. ಆ ತಗ್ಗುಗಳಲ್ಲಿ ಡೆಕಾಲಿನ ಅಡಿ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಹೊಳೆಯುತ್ತದೆ. ಅಂದಿನಿಂದ ಕ್ಲಿಯರ್ ಎಂಬ ಹೊಳಪಿನ ಪಾರದರ್ಶಕ ಲೇಪ ಬಳಿದು, ಅದು ಪೂರ್ತಿ ಒಣಗಿದ ಮೇಲಷ್ಟೇ ಡೆಕಾಲ್ ಮುಟ್ಟುತ್ತೇನೆ.

ಮುದ್ರಣದ ಸುತ್ತ ಉಳಿದಿರುವ ಪಾರದರ್ಶಕ ಪೊರೆಯನ್ನು ಮೊದಲು ಹೊಸ ಬ್ಲೇಡಿನಿಂದ ಕತ್ತರಿಸಿ ತೆಗೆಯುತ್ತೇನೆ. ನೀರಿನಲ್ಲಿ ಹತ್ತು ಹದಿನೈದು ಸೆಕೆಂಡು ಸಾಕು. ಹೊರಗೆ ತೆಗೆದು ಬಟ್ಟೆಯ ಮೇಲೆ ಒಂದು ನಿಮಿಷ ಬಿಟ್ಟರೆ ತಾನಾಗಿಯೇ ಸಡಿಲವಾಗುತ್ತದೆ. ನೀರಿನಲ್ಲೇ ತೇಲಲು ಬಿಟ್ಟರೆ ಅಂಟೆಲ್ಲ ತೊಳೆದುಹೋಗುತ್ತದೆ. ಡೆಕಾಲನ್ನು ಚಿಮುಟದಿಂದ ಎತ್ತಬಾರದು. ಕಾರಿನ ಮೇಲೆ ಕಾಗದ ಸಮೇತ ಇಟ್ಟು, ಅಡಿಯ ಕಾಗದವನ್ನು ಎಳೆದುಕೊಳ್ಳಬೇಕು. ಆಮೇಲೆ ಮೈಕ್ರೋ ಸಾಲ್ ಎಂಬ ಮೆದುಗೊಳಿಸುವ ದ್ರವದ ಒಂದು ತೊಟ್ಟು. ಆಗ ಡೆಕಾಲ್ ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ. ಮೊದಲ ಸಲ ಅದನ್ನು ಕಂಡು ಗಾಬರಿಯಾಗಿ ಬೆರಳಿನಿಂದ ಒತ್ತಿದೆ, ಹರಿದೇ ಹೋಯಿತು. ಈಗ ಕೈ ಕಟ್ಟಿ ಕೂರುತ್ತೇನೆ. ಒಣಗುತ್ತಾ ಬಂದಂತೆ ಸುಕ್ಕು ಇಳಿಯುತ್ತದೆ, ಗೆರೆ ಬಾಗಿಲಿನ ಸಂದಿಗೂ ಇಳಿದು ಬಣ್ಣದಂತೆ ಕೂರುತ್ತದೆ.

ಆದರೆ ನನಗೆ ಎಲ್ಲಕ್ಕಿಂತ ಪ್ರೀತಿಯ ಕೆಲಸ ಡಿಕ್ಕಿಯ ಮೇಲಿನ ಉಬ್ಬು ಅಕ್ಷರಗಳದ್ದು. 1:24 ಮಾದರಿಯಲ್ಲೂ ಅವು ಅಕ್ಕಿಕಾಳಿಗಿಂತ ಚಿಕ್ಕವು. ಬೆಳ್ಳಿ ಬಣ್ಣ ಹಚ್ಚಹೋದರೆ ಅಕ್ಷರಗಳ ನಡುವಿನ ತಗ್ಗು ತುಂಬಿ ಎಲ್ಲವೂ ಒಂದೇ ಮುದ್ದೆ. ಇದಕ್ಕೆ ಉಪಾಯವೆಂದರೆ ಕ್ರಮವನ್ನೇ ತಿರುಗಿಸುವುದು. ಕಾರಿಗೆ ಬಣ್ಣ ಬಳಿಯುವ ಮೊದಲೇ, ಬರೀ ಪ್ರೈಮರ್ ಎಂಬ ಅಡಿಲೇಪ ಇರುವಾಗ, ಹಿಂಬದಿಯಲ್ಲಿ ಅಂಟಿರುವ ತೆಳು ಲೋಹದ ಹಾಳೆಯ ಚೂರನ್ನು ಅಕ್ಷರಗಳ ಮೇಲೆ ಅಂಟಿಸುತ್ತೇನೆ. ಚೂಪು ಮಾಡಿದ ಟೂತ್‌ಪಿಕ್ಕಿನಿಂದ ಒಂದೊಂದು ಅಕ್ಷರದ ಸುತ್ತಲೂ ತೀಡಬೇಕು. ತೀಡಿದಂತೆಲ್ಲ ಹಾಳೆಯೊಳಗಿಂದ ಹೆಸರು ಮೂಡಿ ಬರುವುದನ್ನು ಭೂತಗನ್ನಡಿಯಲ್ಲಿ ನೋಡುವುದೇ ಒಂದು ಸುಖ. ಹೆಚ್ಚಿನ ಹಾಳೆಯನ್ನು ಅಕ್ಷರಗಳಿಗೆ ಒತ್ತಿಕೊಂಡಂತೆ ಕತ್ತರಿಸಿ, ಅದರ ಮೇಲೆಯೇ ಇಡೀ ಕಾರಿಗೆ ತೆಳುವಾಗಿ ಬಣ್ಣ ಬಳಿಯುತ್ತೇನೆ.

ಬಣ್ಣ ಮುಟ್ಟಿದರೆ ಅಂಟದಷ್ಟು ಒಣಗಿರಬೇಕು, ಕಲ್ಲಾಗಿರಬಾರದು. ಆಗ ಬಟ್ಟೆಯ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿ, ಆ ಬಣ್ಣಕ್ಕೆ ಹೊಂದುವ ಥಿನ್ನರ್‌ನಲ್ಲಿ ಅದ್ದಿ, ಪೂರಾ ಒರೆಸಿ, ಅಕ್ಷರಗಳ ನೆತ್ತಿಯನ್ನು ಮಾತ್ರ ಸವರುತ್ತೇನೆ. ಮೂರನೆಯ, ನಾಲ್ಕನೆಯ ಸವರಿಕೆಗೆ ನೆತ್ತಿಯ ಬಣ್ಣ ಬಿಡುತ್ತದೆ, ಅಡಿಯ ಲೋಹ ಮಿನುಗುತ್ತದೆ. ಹಾಳೆಯ ಅಂಚೆಲ್ಲ ಬಣ್ಣದ ಅಡಿಯಲ್ಲೇ ಉಳಿಯುವುದರಿಂದ ಅಂಟಿಸಿದ ಗುರುತೇ ಇರುವುದಿಲ್ಲ. ಬಟ್ಟೆ ಒಂದಿಷ್ಟು ಹೆಚ್ಚು ಒದ್ದೆಯಾಗಿದ್ದರೂ ಥಿನ್ನರ್ ತಗ್ಗಿಗೆ ಹರಿದು ಬಣ್ಣ ಕರಗುತ್ತದೆ.

ಕಿಟಕಿಯ ಚೌಕಟ್ಟಿಗೆ ಈ ಉಪಾಯ ಬೇಡ, ಬಣ್ಣ ಒಣಗಿದ ಮೇಲೆ ಹಾಳೆ ಅಂಟಿಸಿ ಕತ್ತರಿಸಿದರೆ ಆಯಿತು. ಬ್ಲೇಡನ್ನು ಒತ್ತಬಾರದು, ಅಷ್ಟೇ.

ಕೊನೆಯ ಕ್ಲಿಯರ್‌ ಲ್ಯಾಕರ್, ಅಂದರೆ ಡೆಕಾಲನ್ನೂ ಕರಗಿಸಬಲ್ಲ ಕಟು ಥಿನ್ನರ್‌ನದು, ಆದರೆ ಎಚ್ಚರ ಬೇಕು. ಒಮ್ಮೆಲೇ ಒದ್ದೆಯಾಗಿ ಸಿಂಪಡಿಸಿ ಎರಡು ವಾರದ ಗೆರೆಗಳನ್ನು ಕಣ್ಣೆದುರೇ ಮುದುಡಿಸಿಕೊಂಡಿದ್ದೇನೆ. ಈಗ ಮೊದಲ ಎರಡು ಸಲ ಮಂಜಿನಂತೆ ಹಗುರವಾಗಿ ಸಿಂಪಡಿಸಿ, ಒಣಗಿದ ಮೇಲೆ ಮುಂದಿನದು. ಅದೂ ಗಟ್ಟಿಯಾದ ಮೇಲೆ 2000ದ ಬಲು ನಯವಾದ ಮರಳು ಕಾಗದವನ್ನು ನೀರಿನಲ್ಲಿ ನೆನೆಸಿ ಮೆಲ್ಲಗೆ ಉಜ್ಜುತ್ತೇನೆ. ಡೆಕಾಲಿನ ಮೆಟ್ಟಿಲು ಉಳಿದಿದೆಯೇ ಎಂದು ಕಣ್ಣಿನಿಂದ ನೋಡುವುದಿಲ್ಲ. ಕಣ್ಣು ಮುಚ್ಚಿ ಉಗುರನ್ನು ಗೆರೆಯ ಮೇಲೆ ಅಡ್ಡ ಎಳೆಯುತ್ತೇನೆ. ಉಗುರು ಎಲ್ಲಿಯೂ ತಡೆಯದಿದ್ದರೆ ಆ ಕಾರು ಮುಗಿಯಿತು.