ವಾರ್ಡಿನ ಪಾರ್ಕ್ ಸರಿಪಡಿಸಬೇಕೇ? ಲೆಕ್ಕ ಮಾಲಿಯ ಸಂಬಳದಿಂದ ಶುರುವಾಗಲಿ

ಪಾರ್ಕಿನ ಉದ್ಘಾಟನೆಗೆ ಹಣ ಸಿಗುತ್ತದೆ. ಮೂರನೇ ವರ್ಷ ಅಲ್ಲಿನ ಹುಲ್ಲು ಕತ್ತರಿಸಲು ಸಿಗುವುದಿಲ್ಲ. ಮಂಗಳೂರು, ಉಡುಪಿ ಕಡೆಯ ಸಣ್ಣ ಪಾರ್ಕುಗಳು ಸೊರಗಲು ಮುಖ್ಯ ಕಾರಣ ಇದೇ. ಜೋಕಾಲಿಯ ಸರಪಳಿಗೆ ತುಕ್ಕು ಹಿಡಿಯುತ್ತದೆ. ಇಂಟರ್‌ಲಾಕ್ ಮೇಲೆ ಪಾಚಿ ಕಟ್ಟುತ್ತದೆ. ಒಂದು ದಿನ ಗೇಟಿಗೆ ಬೀಗ ಬೀಳುತ್ತದೆ. ಕೆಲವು ವರ್ಷ ಕಳೆದ ಮೇಲೆ ಮತ್ತೊಂದು ಕಾಮಗಾರಿ, ಮತ್ತೆ ಅದೇ ಕಥೆ.

ಕದ್ರಿ ಪಾರ್ಕಿನ ಮಾತು ಬೇರೆ. ಅದು ತೋಟಗಾರಿಕೆ ಇಲಾಖೆಯ ಕೈಯಲ್ಲಿದೆ, ಗಣರಾಜ್ಯೋತ್ಸವದ ಹೊತ್ತಿಗೆ ಫಲಪುಷ್ಪ ಪ್ರದರ್ಶನ ನಡೆಯುತ್ತದೆ, ಊರಿನ ಕಣ್ಣು ಅದರ ಮೇಲಿರುತ್ತದೆ. ಬಾವುಟಗುಡ್ಡದ ಟಾಗೋರ್ ಪಾರ್ಕ್, ಉಡುಪಿ ಅಜ್ಜರಕಾಡಿನ ಭುಜಂಗ ಪಾರ್ಕ್ ಕೂಡ ಎಲ್ಲರಿಗೂ ಗೊತ್ತಿರುವ ಜಾಗಗಳೇ. ಇಲ್ಲಿ ಹೇಳಹೊರಟಿರುವುದು ಮನೆಗಳ ಮಧ್ಯೆ ಇರುವ ಹತ್ತು ಸೆಂಟ್ಸ್, ಇಪ್ಪತ್ತು ಸೆಂಟ್ಸ್ ಪಾರ್ಕಿನ ಬಗ್ಗೆ. ಅದನ್ನು ಕೇಳುವವರು ಆ ಬೀದಿಯವರು ಮಾತ್ರ. ಹಾಗಾಗಿ ಯೋಜನೆಯನ್ನೂ ಆ ಬೀದಿಯವರೇ ಮಾಡಬೇಕು.

ಮೊದಲು ಜಾಗ ಯಾರದ್ದು ನೋಡಿ

ಇದನ್ನು ಬಿಟ್ಟು ಮುಂದೆ ಹೋದರೆ ಎಲ್ಲಾ ಕೆಲಸ ವ್ಯರ್ಥ. ಪಾರ್ಕ್ ಪಾಲಿಕೆಯದ್ದಾಗಿರಬಹುದು, ನಗರಾಭಿವೃದ್ಧಿ ಪ್ರಾಧಿಕಾರದ್ದಾಗಿರಬಹುದು, ತೋಟಗಾರಿಕೆ ಇಲಾಖೆಯದ್ದಾಗಿರಬಹುದು. ಲೇಔಟ್ ಮಾಡಿದವರು ನಕ್ಷೆಯಲ್ಲಿ ಪಾರ್ಕ್ ಎಂದು ತೋರಿಸಿ, ಇನ್ನೂ ಬರೆದುಕೊಡದೆ ಇಟ್ಟುಕೊಂಡಿರುವುದೂ ಉಂಟು. ಜಾಗ ತನ್ನ ಹೆಸರಿನಲ್ಲಿ ಇಲ್ಲದಿದ್ದರೆ ಪಾಲಿಕೆ ಅಲ್ಲಿ ಹಣ ಹಾಕುವುದು ಕಷ್ಟ.

ಮಂಜೂರಾದ ಲೇಔಟ್ ನಕ್ಷೆ, ಸರ್ವೆ ನಂಬರ್, ಪಹಣಿ, ಪ್ರಾಧಿಕಾರಕ್ಕೆ ಅಥವಾ ಪಾಲಿಕೆಗೆ ಜಾಗ ಬಿಟ್ಟುಕೊಟ್ಟ ಪತ್ರ, ಇಷ್ಟರ ಪ್ರತಿ ತೆಗೆಸಿ. ಕೇಳಿದರೆ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರ ಕೊಡಲು 30 ದಿನ. ಸರ್ವೆಯರ್ ಬಂದು ಅಳೆದು ಗಡಿಕಲ್ಲು ಹಾಕಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಪಕ್ಕದ ಕಾಂಪೌಂಡ್ ಒಂದೆರಡು ಅಡಿ ಒಳಗೆ ಬಂದಿದ್ದರೆ ಈಗಲೇ ಗೊತ್ತಾಗುತ್ತದೆ.

ಕಾನೂನು ನಿಮ್ಮ ಪರ ಇದೆ ಎನ್ನುವುದು ನೆನಪಿರಲಿ. ಪಾರ್ಕ್, ಆಟದ ಮೈದಾನ, ತೆರೆದ ಜಾಗಗಳನ್ನು ಕಾಪಾಡಲೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ನರ್ಸಿಂಗ್ ಹೋಮ್ ಕಟ್ಟಲು ಕೊಟ್ಟಾಗ ಅಕ್ಕಪಕ್ಕದ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿಯೇ ಹೇಳಿತು. ಆಸ್ಪತ್ರೆಯಂಥ ಒಳ್ಳೆಯ ಉದ್ದೇಶಕ್ಕೂ ಪಾರ್ಕ್ ಜಾಗ ಕೊಡುವಂತಿಲ್ಲ ಎಂದ ಮೇಲೆ, 'ಒಂದು ಸಣ್ಣ ಸಮುದಾಯ ಭವನ ತಾನೇ' ಎನ್ನುವ ಮಾತಿಗೆ ನೀವು ಯಾಕೆ ಒಪ್ಪಬೇಕು?

ನೇತ್ರಾವತಿ, ಫಲ್ಗುಣಿ ನದಿದಂಡೆ ಅಥವಾ ಕಡಲ ಪಕ್ಕದ ಜಾಗವಾದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಬರುತ್ತದೆ. ಅಲ್ಲಿ ಕಾಂಕ್ರೀಟ್ ಕೆಲಸ ಯೋಚಿಸುವ ಮುಂಚೆಯೇ ಆ ಅನುಮತಿಯ ವಿಚಾರ ಕೇಳಿಕೊಳ್ಳಿ.

ಜುಲೈಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ

ನಮ್ಮ ಊರಿನ ಪಾರ್ಕನ್ನು ಒಂದೇ ಕಾಲದಲ್ಲಿ ನೋಡಿ ಯೋಜನೆ ಮಾಡಬಾರದು. ಡಿಸೆಂಬರ್‌ನಲ್ಲಿ ಬಂದ ಎಂಜಿನಿಯರಿಗೆ ಎಲ್ಲವೂ ಚೆಂದ ಕಾಣುತ್ತದೆ. ಜೋರು ಮಳೆಯ ದಿನ ಕೊಡೆ ಹಿಡಿದು ಹೋಗಿ, ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ತೋಡಿಗೆ ಸೇರುತ್ತದೆ ಎಂದು ಫೋಟೊ ತೆಗೆಯಿರಿ. ಏಪ್ರಿಲ್ ಸೆಕೆಯಲ್ಲಿ ಇನ್ನೊಮ್ಮೆ ಹೋಗಿ, ಯಾವ ಬೆಂಚಿಗೆ ನೆರಳಿದೆ, ಯಾವ ಗಿಡ ಒಣಗಿದೆ ನೋಡಿ.

ಜೊತೆಗೆ ಜನರನ್ನು ನೋಡಬೇಕು. ಬೆಳಿಗ್ಗೆ ಆರರಿಂದ ಎಂಟು, ಮಧ್ಯಾಹ್ನ, ಸಂಜೆ ಐದರಿಂದ ಏಳೂವರೆ. ವಾರದ ದಿನ ಒಮ್ಮೆ, ಭಾನುವಾರ ಒಮ್ಮೆ. ಯಾರು ಬರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ, ಯಾವ ಮೂಲೆಗೆ ಯಾರೂ ಹೋಗುವುದಿಲ್ಲ, ಬರೆದುಕೊಳ್ಳಿ. ಆಮೇಲೆ ಬರದೇ ಇರುವವರ ಮನೆಗೆ ಹೋಗಿ ಕೇಳಿ. ಇದು ಎಲ್ಲಕ್ಕಿಂತ ಮುಖ್ಯ. ಕತ್ತಲಾದ ಮೇಲೆ ಆ ಕಡೆ ಹೋಗಲು ಹೆದರಿಕೆ ಎಂದು ಕಾಲೇಜು ಹುಡುಗಿಯರು ಹೇಳಬಹುದು. ಶೌಚಾಲಯ ಇಲ್ಲ, ಅರ್ಧ ಗಂಟೆಗಿಂತ ಜಾಸ್ತಿ ಕೂರಲಾಗುವುದಿಲ್ಲ ಎಂದು ಅಜ್ಜಿಯೊಬ್ಬರು ಹೇಳಬಹುದು. ವೀಲ್‌ಚೇರ್ ತಿರುಗುವ ಗೇಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎನ್ನುವುದು ಅದರಲ್ಲಿ ಕೂತವರಿಗೇ ಗೊತ್ತು. ಈ ಮಾತುಗಳು ನಿಮ್ಮ ಅರ್ಜಿಗೆ ಬಲ ಕೊಡುತ್ತವೆ. ಓಪನ್ ಜಿಮ್ ಬೇಕೋ ಬೇಡವೋ ಎನ್ನುವುದು ಇದೆಲ್ಲ ಕೇಳಿದ ಮೇಲಿನ ಪ್ರಶ್ನೆ.

ನೀರಿನ ಲೆಕ್ಕ

ಇಲ್ಲಿ ಸ್ವಲ್ಪ ನಿಲ್ಲೋಣ. ಪಾರ್ಕಿನ ಹಣೆಬರಹ ತೀರ್ಮಾನವಾಗುವುದು ನೀರಿನಲ್ಲೇ.

ಹತ್ತು ಸೆಂಟ್ಸ್ ಎಂದರೆ ಸುಮಾರು 405 ಚದರ ಮೀಟರ್. ಅಷ್ಟಕ್ಕೂ ಲಾನ್ ಹಾಕಿದರೆ ಬೇಸಿಗೆಯಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಬೇಕು. ಅಲ್ಲಿಗೆ ದಿನಕ್ಕೆ ಹೆಚ್ಚುಕಮ್ಮಿ 2,000 ಲೀಟರ್. 6,000 ಲೀಟರಿನ ಟ್ಯಾಂಕರ್ ಮೂರು ದಿನಕ್ಕೊಮ್ಮೆ ಬರಬೇಕು. ತುಂಬೆ ಅಣೆಕಟ್ಟಿನಲ್ಲಿ ನೀರು ತಳ ಕಂಡು 2016ರಲ್ಲೂ 2019ರಲ್ಲೂ ಮಂಗಳೂರಿನ ಮನೆಗಳಿಗೇ ರೇಷನ್ ಮಾಡಿ ನೀರು ಬಿಡಬೇಕಾಯಿತು. ಅಂಥ ಮೇ ತಿಂಗಳಲ್ಲಿ ಲಾನಿಗೆ ನೀರು ಕೊಡಿ ಎಂದು ಯಾವ ಬಾಯಿಯಲ್ಲಿ ಕೇಳುವುದು? ಉಡುಪಿಗೆ ನೀರು ಕೊಡುವ ಸ್ವರ್ಣಾ ನದಿಯ ಬಜೆಯಲ್ಲೂ ಬೇಸಿಗೆಯ ಕಷ್ಟ ಇದೇ.

ಇನ್ನೊಂದು ಕಡೆ, ಇದೇ ಊರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. ನಮ್ಮ ಹತ್ತು ಸೆಂಟ್ಸ್ ಮೇಲೆ ಬೀಳುವ ನೀರೇ 14 ಲಕ್ಷ ಲೀಟರ್. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು, ಇಂಟರ್‌ಲಾಕ್ ಮೇಲೆ ಹರಿದು, ತೋಡು ಸೇರಿ ಹೋಗುತ್ತದೆ.

ಹಾಗಾದರೆ ಏನು ಮಾಡುವುದು? ಲಾನ್ ಇರಲಿ, ಮಕ್ಕಳು ಉರುಳಾಡುವಷ್ಟು ಜಾಗಕ್ಕೆ ಸಾಕು. ಇಂಟರ್‌ಲಾಕ್ ನಡಿಗೆ ಹಾದಿಗೆ ಮಾತ್ರ. ಉಳಿದ ನೆಲ ಮಣ್ಣಾಗಿಯೇ ಇರಲಿ, ನೀರು ಇಂಗಲಿ. ಹಳೆಯ ಬಾವಿ ಇದ್ದರೆ ದಯವಿಟ್ಟು ಮುಚ್ಚಿಸಬೇಡಿ. ಹೂಳೆತ್ತಿಸಿ, ಮೇಲೆ ಗಟ್ಟಿ ಬಲೆ ಹಾಕಿಸಿ, ಪಕ್ಕದ ಕಟ್ಟಡದ ಮಾಡಿನ ನೀರು ಸೋಸಿ ಅದಕ್ಕೆ ಬಿಡಿ. ಗುಡ್ಡದ ಅಂಚಿನ ಜಾಗವಾದರೆ ಇಂಗುಗುಂಡಿ ಎಲ್ಲಿ ತೋಡಬೇಕು ಎಂದು ತಿಳಿದವರನ್ನು ಕೇಳಿಯೇ ತೋಡಿ, ಧರೆ ಕುಸಿಯುವ ಊರು ನಮ್ಮದು. ಕಾವೂರು, ಬಜಾಲ್‌ನಂಥ ಕಡೆ ಕೊಳಚೆ ನೀರು ಶುದ್ಧೀಕರಣ ಘಟಕಗಳಿವೆ. ಅಲ್ಲಿ ಶುದ್ಧೀಕರಿಸಿದ ನೀರನ್ನು ಬೇಸಿಗೆಯಲ್ಲಿ ಗಿಡಗಳಿಗೆ ಕೊಡಿ ಎಂದು ಪಾಲಿಕೆಗೆ ಬರೆದು ಕೇಳಬಹುದು. ಹಾಗೆಯೇ, ಕುಂಡದ ತಟ್ಟೆ, ಒಡೆದ ಕಾರಂಜಿಯ ತೊಟ್ಟಿಯಲ್ಲಿ ನೀರು ನಿಲ್ಲಬಾರದು. ಮಲೇರಿಯಾ, ಡೆಂಗಿ ಎರಡನ್ನೂ ಚೆನ್ನಾಗಿ ಕಂಡ ಊರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಿಡಗಳ ವಿಚಾರವೂ ಇದಕ್ಕೇ ಸೇರಿದ್ದು. ರೆಂಜೆ, ಸುರಗಿ, ಹೊಳೆದಾಸವಾಳ, ಪುನರ್ಪುಳಿ, ಹಲಸು ನಮ್ಮ ಮಳೆಗೂ ಮುರಕಲ್ಲಿನ ಮಣ್ಣಿಗೂ ಒಗ್ಗಿದ ಮರಗಳು. ಬೇರು ಹಿಡಿಯುವ ತನಕ ಎರಡು ಮೂರು ಬೇಸಿಗೆ ನೀರು ಕೊಟ್ಟರೆ ಆಮೇಲೆ ಅವೇ ನೋಡಿಕೊಳ್ಳುತ್ತವೆ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಮಳೆಗಾಲದ ಆರಂಭಕ್ಕೆ ಸಸಿ ಸಿಗುತ್ತವೆ. ಇರುವ ದೊಡ್ಡ ಮರವನ್ನು 'ವಿನ್ಯಾಸಕ್ಕೆ ಅಡ್ಡ' ಎಂದು ಕಡಿಯಲು ಬಿಡಬೇಡಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕು.

ನಕ್ಷೆ, ಎಸ್ಟಿಮೇಟ್ ಮತ್ತು ಎರಡನೇ ಹಾಳೆ

ಒಂದು ದೊಡ್ಡ ಕಾಗದದ ಮೇಲೆ ಪಾರ್ಕ್ ಬರೆದು, ಸಂಜೆ ಹೊತ್ತು ಅಲ್ಲೇ ಹಾಸಿ, ಬಂದವರಿಂದ ಗುರುತು ಹಾಕಿಸಿ. ವಾರ್ಡಿನಲ್ಲಿ ಒಬ್ಬರಾದರೂ ಎಂಜಿನಿಯರೋ ಆರ್ಕಿಟೆಕ್ಟೋ ಸಿಕ್ಕೇ ಸಿಗುತ್ತಾರೆ, ಅವರಿಂದ ಅಳತೆಯ ನಕ್ಷೆ ಮಾಡಿಸಿ. ಗೇಟಿನಿಂದ ಬೆಂಚಿನ ತನಕ ಮೆಟ್ಟಿಲಿಲ್ಲದ ಹಾದಿ ಇರಬೇಕು. ರ‍್ಯಾಂಪ್ ಇಳಿಜಾರು ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ, ಇದಕ್ಕಿಂತ ಕಡಿದಾಗಬಾರದು.

ಎಸ್ಟಿಮೇಟ್ ಮಾಡುವುದು ಪಾಲಿಕೆಯ ಕಿರಿಯ ಎಂಜಿನಿಯರ್. ಸರ್ಕಾರದ ದರಪಟ್ಟಿಯ ಮೇಲೆ, ಅಂದರೆ ಎಸ್‌ಆರ್ ದರದಲ್ಲಿ ಲೆಕ್ಕ ಹಾಕುತ್ತಾರೆ. ಅವರ ಜೊತೆ ಒಂದು ದಿನ ಪಾರ್ಕಿನಲ್ಲಿ ನಡೆದು ಎಲ್ಲಾ ತೋರಿಸಿ.

ನೀವು ಸೇರಿಸಬೇಕಾದದ್ದು ಎರಡನೇ ಹಾಳೆ. ಮಾಲಿಯ ಸಂಬಳ, ಕಾವಲುಗಾರ, ಶೌಚಾಲಯ ಶುಚಿ ಮಾಡುವವರು, ಕರೆಂಟ್ ಬಿಲ್, ಬೇಸಿಗೆಯ ನೀರು, ಗೊಬ್ಬರ, ಬಣ್ಣ, ಜೋಕಾಲಿ ರಿಪೇರಿ. ವರ್ಷಕ್ಕೆ ಎಷ್ಟಾಗುತ್ತದೆ ಬರೆಯಿರಿ. ಐದರಿಂದ ಗುಣಿಸಿ. ಬಂದ ಮೊತ್ತವನ್ನು ಕಾಮಗಾರಿಯ ಎಸ್ಟಿಮೇಟಿನ ಪಕ್ಕದಲ್ಲಿಡಿ. ಆ ಹಣ ಎಲ್ಲಿಂದ ಎಂದು ಹೇಳಲಾಗದಿದ್ದರೆ ಯೋಜನೆಯನ್ನು ಸಣ್ಣದು ಮಾಡಿ. ಕಾರಂಜಿ ಬಿಡಿ, ಬಣ್ಣದ ದೀಪ ಬಿಡಿ. ಮಾಲಿಯನ್ನು ಬಿಡಬೇಡಿ. ನೆರಳು, ಬೆಂಚು, ಶುಚಿಯಾದ ಶೌಚಾಲಯ, ಉರಿಯುವ ದೀಪ, ದಿನಾ ಬರುವ ಒಬ್ಬ ಮಾಲಿ, ಇಷ್ಟಿದ್ದರೆ ಜನ ಬಂದೇ ಬರುತ್ತಾರೆ. ಇದು ನನ್ನ ಗಟ್ಟಿ ನಂಬಿಕೆ.

ಹಣ ಎಲ್ಲಿಂದ?

ಕಟ್ಟುವ ಹಣ ಮತ್ತು ನಡೆಸುವ ಹಣ ಬೇರೆ ಬೇರೆ ಬಾಗಿಲಿನಿಂದ ಬರುತ್ತವೆ. ಅದನ್ನು ಗೊತ್ತುಮಾಡಿಕೊಂಡರೆ ಅಲೆದಾಟ ಕಮ್ಮಿ.

ಮೊದಲನೆಯದು ಪಾಲಿಕೆಯ ಬಜೆಟ್. ಮಂಗಳೂರು ಪಾಲಿಕೆಗೆ 60 ವಾರ್ಡುಗಳು. ಬಜೆಟ್ ಏಪ್ರಿಲ್‌ನಿಂದ ಮಾರ್ಚ್ ತನಕದ್ದು, ಆದರೆ ಅದರ ತಯಾರಿ ಚಳಿಗಾಲದಲ್ಲೇ ಶುರುವಾಗುತ್ತದೆ. ಆಗ ನಡೆಯುವ ಪೂರ್ವಭಾವಿ ಸಭೆಯ ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ. ನಿಮ್ಮ ಅರ್ಜಿ ನವೆಂಬರ್–ಡಿಸೆಂಬರ್ ಒಳಗೆ ಕೈಸೇರಲಿ. ಮಾರ್ಚ್‌ನಲ್ಲಿ ಕೊಟ್ಟರೆ ಒಂದು ವರ್ಷ ಹೋಯಿತೆಂದೇ ಲೆಕ್ಕ. ವಾರ್ಡ್ ಸಮಿತಿ ನಡೆಯುತ್ತಿದ್ದರೆ ಅಲ್ಲಿ ವಿಷಯ ಇಟ್ಟು ನಡಾವಳಿಯಲ್ಲಿ ಬರೆಸಿ. ಕಾರ್ಪೊರೇಟರ್ ಇಲ್ಲದ ಕಾಲದಲ್ಲಿ ನೇರವಾಗಿ ಆಯುಕ್ತರಿಗೆ, ಉಡುಪಿಯಲ್ಲಾದರೆ ಪೌರಾಯುಕ್ತರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ನಡೆಸುವ ಹಣ ವರ್ಷ ವರ್ಷವೂ ಬರಬಹುದಾದ ಬಾಗಿಲು ಇದೊಂದೇ. ಹಾಗಾಗಿ ಇಲ್ಲಿ ಕಾಂಪೌಂಡ್ ಗೋಡೆ ಕೇಳುವುದಕ್ಕಿಂತ ನಿರ್ವಹಣೆಯ ಗುತ್ತಿಗೆ ಕೇಳಿ ಎನ್ನುತ್ತೇನೆ.

ಎರಡನೆಯದು ಶಾಸಕರ, ಸಂಸದರ ನಿಧಿ. ಕರ್ನಾಟಕದಲ್ಲಿ ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿಯ ನಿಧಿ ಇದೆ. ಅವರು ಶಿಫಾರಸು ಮಾಡುತ್ತಾರೆ, ಮಂಜೂರಾತಿ ಜಿಲ್ಲಾಡಳಿತದ್ದು. ಬಾಳಿಕೆ ಬರುವ ಕೆಲಸಕ್ಕೆ ಈ ಹಣ ಸರಿ. ಶೌಚಾಲಯ, ರ‍್ಯಾಂಪ್, ಬಾವಿಕಟ್ಟೆ. ಮಾಲಿಯ ಸಂಬಳಕ್ಕೆ ಇಲ್ಲಿ ಸಿಗದು.

ನಗರಾಭಿವೃದ್ಧಿ ಪ್ರಾಧಿಕಾರದಲ್ಲೂ ಕೇಳಿ, ಜನರ ಬಾಯಲ್ಲಿ ಅದು 'ಮೂಡಾ'. ಲೇಔಟ್, ಕಟ್ಟಡಗಳಿಂದ ಪಡೆದ ಶುಲ್ಕದಲ್ಲಿ ಕೆರೆ, ಪಾರ್ಕ್ ಕೆಲಸಕ್ಕೆ ಅಲ್ಲಿ ಹಣ ಇರುತ್ತದೆ. ಹಣಕಾಸು ಆಯೋಗದ ಅನುದಾನದಲ್ಲಿ ಒಂದು ಪಾಲು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ಮಳೆನೀರು ಕೊಯ್ಲಿನ ಭಾಗವನ್ನು ಬೇರೆ ಕಾಮಗಾರಿಯಾಗಿ ಬರೆದರೆ ಅದಕ್ಕೆ ಹೊಂದಬಹುದು. ಎಂಜಿನಿಯರ್ ಹತ್ತಿರ ಕೇಳಿ ನೋಡಿ. ಸ್ಮಾರ್ಟ್ ಸಿಟಿ ಹೆಸರು ಹೇಳುವವರು ಇನ್ನೂ ಇದ್ದಾರೆ, ಆದರೆ ಆ ಮಿಷನ್ 2025ರ ಮಾರ್ಚ್‌ಗೆ ಮುಗಿದಿದೆ.

ಇನ್ನು ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣ. 2013ರ ಕಂಪನಿ ಕಾಯ್ದೆಯಂತೆ, ಲಾಭ ಅಥವಾ ವಹಿವಾಟು ನಿಗದಿತ ಮಟ್ಟ ದಾಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಎಂಆರ್‌ಪಿಎಲ್‌ನಂಥ ಉದ್ಯಮ, ಕರ್ಣಾಟಕ ಬ್ಯಾಂಕಿನಂಥ ಬ್ಯಾಂಕ್ ಇರುವ ಊರು ನಮ್ಮದು. ಅವರಿಗೆ ಬರೆಯುವಾಗ ಸುಮ್ನೆ 'ಪಾರ್ಕ್ ಅಭಿವೃದ್ಧಿಗೆ ನೆರವು' ಎನ್ನಬೇಡಿ. ಜಾಗದ ದಾಖಲೆ, ಪಾಲಿಕೆಯ ಒಪ್ಪಿಗೆ ಪತ್ರ, ನಕ್ಷೆ, ಐದು ವರ್ಷದ ಹಾಳೆ ಎಲ್ಲಾ ಲಗತ್ತಿಸಿ. ಬೀದಿಯವರು ಸೇರಿ ಮಾಡಿಕೊಂಡ ನಿಮ್ಮ ಸಂಘ ನೋಂದಣಿಯಾಗಿರಬೇಕು, ಸಿಎಸ್‌ಆರ್ ಹಣ ಪಡೆಯಲು ಬೇಕಾದ ನೋಂದಣಿಯೂ ಬೇಕು. ಅದಿಲ್ಲದಿದ್ದರೆ ಹಣ ಅರ್ಹ ಟ್ರಸ್ಟ್ ಮೂಲಕ ಬರಬೇಕಾಗುತ್ತದೆ.

ಕ್ಲಬ್, ಅಂಗಡಿ, ಆಸ್ಪತ್ರೆಗಳು ಪಾರ್ಕನ್ನು ದತ್ತು ಪಡೆಯಲು ಮುಂದೆ ಬಂದರೆ ಒಳ್ಳೆಯದೇ. ಬರೀ ಮಾತಿನಲ್ಲಿ ಬೇಡ. ಎಷ್ಟು ವರ್ಷ, ಯಾರು ಸಂಬಳ ಕೊಡುತ್ತಾರೆ, ಹೆಸರಿನ ಫಲಕ ಎಷ್ಟು ದೊಡ್ಡದು, ಗೇಟು ಎಷ್ಟು ಹೊತ್ತು ತೆರೆದಿರಬೇಕು, ಎಲ್ಲಾ ಪಾಲಿಕೆಯ ಜೊತೆಗಿನ ಒಪ್ಪಂದದಲ್ಲಿ ಇರಲಿ. ಪ್ರವೇಶ ಶುಲ್ಕ ಇಡುತ್ತೇವೆ ಎಂದರೆ ಒಪ್ಪಬೇಡಿ. ವಾರ್ಡಿನ ಪಾರ್ಕಿಗೆ ಟಿಕೆಟ್ ಇಟ್ಟ ದಿನ, ಅದರ ಅಗತ್ಯ ಅತಿ ಜಾಸ್ತಿ ಇರುವ ಮಕ್ಕಳೇ ಹೊರಗೆ ಉಳಿಯುತ್ತಾರೆ.

ಟೆಂಡರ್ ಆದ ಮೇಲೆ

ಮಂಜೂರಾತಿ, ಟೆಂಡರ್, ಕಾರ್ಯಾದೇಶ ಪಾಲಿಕೆಯ ಕೆಲಸ. ನಿಮ್ಮ ಕೆಲಸ ಎಸ್ಟಿಮೇಟಿನ ಪ್ರತಿ ಪಡೆದು ಕೈಯಲ್ಲಿಟ್ಟುಕೊಳ್ಳುವುದು. ನೆಲದ ಕೆಲಸ ಮೇ ಒಳಗೆ ಮುಗಿಯಬೇಕು, ಗಿಡ ಜೂನ್‌ನಲ್ಲಿ ನೆಡಬೇಕು, ಈ ಕ್ರಮ ತಪ್ಪಿದರೆ ಮಣ್ಣೆಲ್ಲ ಕೊಚ್ಚಿಹೋಗುತ್ತದೆ. ಉಪ್ಪುಗಾಳಿಯ ಊರಿನಲ್ಲಿ ಕಬ್ಬಿಣದ ಆಟದ ಸಾಮಾನಿಗೆ ಸತುವಿನ ಲೇಪ ಇದೆಯೇ ಎಂದು ಅಳವಡಿಸುವ ಮುಂಚೆಯೇ ನೋಡಿ.

ಕೆಲಸ ಮುಗಿದ ಮೇಲೂ ಗುತ್ತಿಗೆದಾರರಿಗೆ ದೋಷ ಸರಿಪಡಿಸುವ ಹೊಣೆಯ ಅವಧಿ ಇರುತ್ತದೆ. ಅದು ಎಂದು ಮುಗಿಯುತ್ತದೆ ಎನ್ನುವುದನ್ನು ಕಾರ್ಯಾದೇಶದಲ್ಲಿ ನೋಡಿ, ಸಂಘದ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೊದಲ ಜೋರು ಮಳೆ ಬಂದ ವಾರವೇ ಕಿರಿಯ ಎಂಜಿನಿಯರನ್ನು ಕರೆದು ಒಂದು ಸುತ್ತು ಹಾಕಿ. ಕುಸಿದ ಇಂಟರ್‌ಲಾಕ್, ನೀರು ನಿಂತ ಮೂಲೆ, ಉರಿಯದ ದೀಪ ಎಲ್ಲದರ ಫೋಟೊ ತೆಗೆದು, ದಿನಾಂಕ ಹಾಕಿ, ಪತ್ರದ ಜೊತೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅವಧಿ ಮುಗಿಯುವ ಒಂದು ತಿಂಗಳು ಮುಂಚೆ ಇದನ್ನೇ ಇನ್ನೊಮ್ಮೆ ಮಾಡಿ.