ಹಳೆಯ ಬೋರ್ಡಿನಲ್ಲಿ ನಾಲ್ಕು ಕೋರ್, ಹೊಸದರಲ್ಲಿ ನೀಲಿ ಪರದೆ: ದೋಷ ಹುಡುಕುವ ಕ್ರಮ

ಎಎಂಡಿ ಕಂಪನಿಯ ಫೆನಮ್ 2 ಮತ್ತು ಅಥ್ಲಾನ್ 2 ಸರಣಿಯ ಕೆಲವು ಪ್ರೊಸೆಸರ್‌ಗಳಲ್ಲಿ ಕಾರ್ಖಾನೆಯಲ್ಲೇ ನಿಷ್ಕ್ರಿಯಗೊಳಿಸಿದ ಕೋರ್‌ಗಳನ್ನು (ಲೆಕ್ಕ ಮಾಡುವ ಘಟಕಗಳನ್ನು) ಬಯಾಸ್‌ನ (ಯಂತ್ರ ಚಾಲೂ ಆದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶದ) ಒಂದು ಆಯ್ಕೆಯ ಮೂಲಕ ಮತ್ತೆ ಚಾಲೂ ಮಾಡಬಹುದು ಎಂಬ ಸಂಗತಿ 2009ರಲ್ಲಿ ಬೆಳಕಿಗೆ ಬಂತು. ಅಂದಿನ ಯಂತ್ರಗಳಲ್ಲಿ ಎಷ್ಟೋ ಇಂದಿಗೂ ಕಡತ ಸಂಗ್ರಹಕ್ಕೋ ಮಕ್ಕಳ ಕಲಿಕೆಗೋ ಬಳಕೆಯಲ್ಲಿವೆ. ಇವುಗಳಲ್ಲಿ ಸಾಮಾನ್ಯವಾಗಿ ಮೊದಲು ಕೆಡುವುದು ಮದರ್‌ಬೋರ್ಡ್; ಪ್ರೊಸೆಸರ್ ಗಟ್ಟಿಯಾಗಿಯೇ ಉಳಿದಿರುತ್ತದೆ. ಹಾಗಾಗಿ ಅದೇ ಸಾಕೆಟ್ಟಿನ ಇನ್ನೊಂದು ಬೋರ್ಡನ್ನು ತಂದು ಜೋಡಿಸಿ, ಹಿಂದಿನಂತೆಯೇ ಕೋರ್‌ಗಳನ್ನು ಅನ್‌ಲಾಕ್ ಮಾಡಿದಾಗ ಯಂತ್ರ ಏಕಾಏಕಿ ಸ್ತಬ್ಧವಾಗುವುದು, ತಾನಾಗಿ ರೀಸ್ಟಾರ್ಟ್ ಆಗುವುದು ಅಥವಾ ಬೂಟ್ ಆಗದೇ ಇರುವುದು ಕಂಡುಬರುತ್ತದೆ. ಇಂಥ ಸಂದರ್ಭದಲ್ಲಿ ಹೊಸ ಬೋರ್ಡೇ ಸರಿಯಿಲ್ಲವೆಂದು ಹಲವರು ತೀರ್ಮಾನಿಸಿಬಿಡುತ್ತಾರೆ. ಆದರೆ ಮೊದಲಿನಿಂದಲೂ ದುರ್ಬಲವಾಗಿದ್ದ ಕೋರ್ ಒಂದರ ಕೊರತೆಯನ್ನು ಹಳೆಯ ಬೋರ್ಡ್ ತುಸು ಹೆಚ್ಚಿನ ವೋಲ್ಟೇಜ್ ಕೊಟ್ಟು ಮುಚ್ಚಿಟ್ಟಿರುವ ಸಾಧ್ಯತೆಯೂ ಅಷ್ಟೇ ಇರುತ್ತದೆ. ಯಾವುದು ನಿಜವೆಂದು ತಿಳಿಯಬೇಕಾದರೆ ಎಲ್ಲವನ್ನೂ ಒಟ್ಟಿಗೆ ಬದಲಿಸದೆ, ಒಂದೊಂದೇ ಹೆಜ್ಜೆಯಾಗಿ ಪರೀಕ್ಷಿಸಬೇಕು.

ಹಿನ್ನೆಲೆಯನ್ನು ಸ್ವಲ್ಪ ತಿಳಿದಿದ್ದರೆ ಮುಂದಿನ ಹೆಜ್ಜೆಗಳು ಸುಲಭವಾಗುತ್ತವೆ. ಫೆನಮ್ 2 ಎಕ್ಸ್2 550 ಮತ್ತು 555 ಮಾದರಿಗಳು ಎರಡು ಕೋರ್‌ಗಳವೆಂದು ಮಾರಾಟವಾದರೂ, ಅವುಗಳೊಳಗೆ ಇರುವುದು ನಾಲ್ಕು ಕೋರ್‌ಗಳ ಡೆನೆಬ್ ಎಂಬ ಚಿಪ್ಪೇ. ಎಕ್ಸ್3 720 ಕೂಡ ಅದೇ ಚಿಪ್ಪಿನದು. ಅದರಲ್ಲಿ ಒಂದು ಕೋರ್ ಮಾತ್ರ ಮುಚ್ಚಿರುತ್ತದೆ. ಕೆಲವು ಚಿಪ್‌ಗಳಲ್ಲಿ ಒಂದು ಕೋರ್ ನಿಜವಾಗಿ ದೋಷಪೂರಿತವಾಗಿದ್ದುದರಿಂದ ಅದನ್ನು ಮುಚ್ಚಲಾಯಿತು. ಇನ್ನು ಕೆಲವು ಚಿಪ್‌ಗಳು ಪೂರ್ಣವಾಗಿ ಸರಿಯಿದ್ದರೂ ಅಗ್ಗದ ಮಾದರಿಗಳ ಬೇಡಿಕೆ ಪೂರೈಸುವ ಸಲುವಾಗಿ ಮುಚ್ಚಲ್ಪಟ್ಟವು. ಕೈಯಲ್ಲಿರುವ ಚಿಪ್ ಯಾವ ಗುಂಪಿನದು ಎಂಬುದು ಅದರ ಮೇಲ್ಮೈಯ ಬರಹದಿಂದ ಖಚಿತವಾಗುವುದಿಲ್ಲ. ಇವೆರಡರ ನಡುವೆ ಮೂರನೆಯದೊಂದು ಗುಂಪೂ ಇದೆ: ಸಾಕಷ್ಟು ವೋಲ್ಟೇಜ್ ಸಿಕ್ಕರೆ ಕೆಲಸ ಮಾಡುವ, ಸಿಗದಿದ್ದರೆ ತಪ್ಪು ಲೆಕ್ಕ ಕೊಡುವ ಕೋರ್‌ಗಳು. ಬೋರ್ಡ್ ಬದಲಾದ ಮೇಲೆ ತೊಂದರೆ ಕೊಡುವುದು ಹೆಚ್ಚಾಗಿ ಈ ಮೂರನೆಯ ಗುಂಪು.

ಮೊದಲ ಹೆಜ್ಜೆ: ಮತ್ತೆ ಬೀಗ ಹಾಕಿ

ಅನ್‌ಲಾಕ್ ಆಯ್ಕೆಯನ್ನು ಬಯಾಸ್‌ನಲ್ಲಿ ಆಫ್ ಮಾಡಿ, ಯಂತ್ರವನ್ನು ಸಂಪೂರ್ಣ ನಿಲ್ಲಿಸಿ, ವಿದ್ಯುತ್ ಸಂಪರ್ಕ ತಪ್ಪಿಸಿ, ಸ್ವಲ್ಪ ಹೊತ್ತಿನ ನಂತರ ಮತ್ತೆ ಚಾಲೂ ಮಾಡಬೇಕು. ಬರೀ ರೀಸ್ಟಾರ್ಟ್ ಮಾಡಿದರೆ ಕೆಲವು ಬೋರ್ಡ್‌ಗಳಲ್ಲಿ ಈ ಬದಲಾವಣೆ ಸರಿಯಾಗಿ ಜಾರಿಗೆ ಬರುವುದಿಲ್ಲ. ಪರದೆಯೇ ಬಾರದಿದ್ದರೆ ಬೋರ್ಡಿನ ಮೇಲಿರುವ ಸಿಮೋಸ್ ಜಂಪರ್ ಎಂಬ ಪುಟ್ಟ ಕೊಂಡಿಯನ್ನು ಬಳಸಿ ಬಯಾಸ್ ಸೆಟ್ಟಿಂಗ್‌ಗಳನ್ನು ಮೂಲ ಸ್ಥಿತಿಗೆ ತರಬೇಕು. ಅನಂತರ ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ತಪ್ಪು ಲೆಕ್ಕ ಮಾಡುವ ಕೋರ್ ಡಿಸ್ಕಿಗೂ ತಪ್ಪು ಮಾಹಿತಿಯನ್ನೇ ಬರೆಯಬಲ್ಲದು ಎಂಬುದನ್ನು ಹಲವರು ಮರೆಯುತ್ತಾರೆ.

ಈಗ ಪ್ರೊಸೆಸರ್ ಮಾರಾಟವಾದ ಸ್ಥಿತಿಯಲ್ಲಿಯೇ, ಅಂದರೆ ಎರಡು ಅಥವಾ ಮೂರು ಕೋರ್‌ಗಳಲ್ಲಿಯೇ, ಯಂತ್ರ ಸ್ಥಿರವಾಗಿದೆಯೇ ಎಂದು ನೋಡಬೇಕು. ಮೆಮೊರಿಯನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಒಂದು ರಾತ್ರಿ ಓಡಿಸಿ. ಮರುದಿನ, ಪ್ರೊಸೆಸರಿಗೆ ಪೂರ್ಣ ಭಾರ ಹಾಕುವ ಪ್ರೈಮ್95 ತಂತ್ರಾಂಶದ ಬ್ಲೆಂಡ್ ಪರೀಕ್ಷೆಯನ್ನು ಕೆಲವು ಗಂಟೆಗಳ ಕಾಲ ನಡೆಸಿ. ಇಲ್ಲಿಯೇ ದೋಷ ಕಾಣಿಸಿದರೆ ಅನ್‌ಲಾಕ್‌ಗೂ ಅದಕ್ಕೂ ಸಂಬಂಧವಿಲ್ಲ. ಎಎಂ3 ಸಾಕೆಟ್ಟಿನ ಈ ಪ್ರೊಸೆಸರ್‌ಗಳು ಡಿಡಿಆರ್2 ಮತ್ತು ಡಿಡಿಆರ್3 ಎಂಬ ಎರಡು ಬಗೆಯ ಮೆಮೊರಿಯನ್ನೂ ಬಲ್ಲವು. ಹಿಂದಿನ ಎಎಂ2+ ಸಾಕೆಟ್ಟಿನ ಬೋರ್ಡ್‌ಗಳಲ್ಲಿ ಡಿಡಿಆರ್2, ಎಎಂ3 ಬೋರ್ಡ್‌ಗಳಲ್ಲಿ ಡಿಡಿಆರ್3 ಇರುತ್ತದೆ. ಆದ್ದರಿಂದ ಎಎಂ2+ ಬೋರ್ಡಿನಿಂದ ಎಎಂ3 ಬೋರ್ಡಿಗೆ ಬಂದವರು ಬೋರ್ಡಿನ ಜೊತೆಗೆ ಮೆಮೊರಿಯನ್ನೂ ಬದಲಿಸಿರುತ್ತಾರೆ. ಹಾಗಿದ್ದಲ್ಲಿ ಮೆಮೊರಿಯ ವೇಗವನ್ನು 1333ರಿಂದ 1066ಕ್ಕೆ ಇಳಿಸಿ ಮತ್ತೊಮ್ಮೆ ಪರೀಕ್ಷಿಸುವುದು ಒಳ್ಳೆಯದು.

ವಿಂಡೋಸ್ ಆರಂಭವಾಗುವ ಹೊತ್ತಿಗೇ 0x7ಬಿ ಸಂಖ್ಯೆಯ ನೀಲಿ ಪರದೆ ಬಂದರೆ ಗಾಬರಿ ಬೇಡ. ಅದು ಕೋರ್‌ಗಳ ದೋಷವಾಗಿರುವುದು ಅಪರೂಪ. ಬಯಾಸ್ ಡಿಸ್ಕಿನೊಡನೆ ವ್ಯವಹರಿಸುವ ವಿಧಾನ ಹಳೆಯ ಬೋರ್ಡಿನಲ್ಲಿ ಐಡಿಇ ಎಂದಿದ್ದು ಹೊಸದರಲ್ಲಿ ಎಎಚ್‌ಸಿಐ ಆಗಿರುವುದೇ, ಅಥವಾ ಅದರ ತಿರುವುಮುರುವೇ, ಸಾಮಾನ್ಯ ಕಾರಣ.

ಪ್ರೊಸೆಸರನ್ನು ವರ್ಗಾಯಿಸುವಾಗ ಆಗುವ ಹಾನಿ

ಎಎಂ3 ಪ್ರೊಸೆಸರಿನ 938 ಪಿನ್‌ಗಳು ಪ್ರೊಸೆಸರಿನಲ್ಲಿಯೇ ಇರುತ್ತವೆ, ಸಾಕೆಟ್ಟಿನಲ್ಲಲ್ಲ. ಒಣಗಿದ ಥರ್ಮಲ್ ಪೇಸ್ಟ್ ಅಂಟಿನಂತೆ ಹಿಡಿದುಕೊಂಡಿರುವಾಗ ಹೀಟ್‌ಸಿಂಕನ್ನು ನೇರವಾಗಿ ಮೇಲಕ್ಕೆ ಎಳೆದರೆ, ಸಾಕೆಟ್ಟಿನ ಲಿವರ್ ಹಾಕಿದ್ದರೂ ಪ್ರೊಸೆಸರ್ ಅದರ ಜೊತೆಗೇ ಕಿತ್ತು ಬರುತ್ತದೆ. ಆಗ ಅಂಚಿನ ಪಿನ್‌ಗಳು ಬಾಗುತ್ತವೆ. ತೆಗೆಯುವ ಮುನ್ನ ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆಮೇಲೆ ನಿಲ್ಲಿಸಿ, ಹೀಟ್‌ಸಿಂಕನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸಿ ಬಿಡಿಸಬೇಕಿತ್ತು. ಈಗಾಗಲೇ ವರ್ಗಾಯಿಸಿ ಆಗಿದ್ದರೆ ಪ್ರೊಸೆಸರನ್ನು ಹೊರತೆಗೆದು, ಪಿನ್‌ಗಳ ಸಾಲನ್ನು ಬೆಳಕಿಗೆ ಹಿಡಿದು ನಾಲ್ಕೂ ಬದಿಯಿಂದ ನೋಡಿ. ವಿದ್ಯುತ್ ಸಾಗಿಸುವ ಪಿನ್ ಒಂದು ಸರಿಯಾಗಿ ತಾಗದೇ ಇದ್ದರೂ ಎರಡು ಕೋರ್‌ಗಳಲ್ಲಿ ಯಂತ್ರ ನಡೆದುಹೋಗಬಹುದು. ನಾಲ್ಕರ ಭಾರ ಬಿದ್ದಾಗಲೇ ಅದರ ಕೊರತೆ ಗೊತ್ತಾಗುವುದು.

ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಪೂರ್ತಿ ಒರೆಸಿ, ಹೊಸದನ್ನು ತೆಳುವಾಗಿ ಹಚ್ಚಿ, ಕೂಲರಿನ ಕ್ಲಿಪ್ ಎರಡೂ ಬದಿ ಸಮನಾಗಿ ಕೂತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಎರಡು ಕೋರ್‌ಗಳ ಪ್ರೊಸೆಸರಿನೊಂದಿಗೆ ಬಂದ ಚಿಕ್ಕ ಕೂಲರ್ ನಾಲ್ಕು ಕೋರ್‌ಗಳಿಗೆ ಸಾಲದು.

ಬೋರ್ಡಿಗೆ ನಾಲ್ಕು ಕೋರ್‌ಗಳ ಭಾರ ಹೊರುವ ಶಕ್ತಿ ಇದೆಯೇ?

ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಬೋರ್ಡ್ ತಯಾರಕರ ಪಟ್ಟಿಯಲ್ಲಿ ತಮ್ಮ ಪ್ರೊಸೆಸರಿನ ಹೆಸರು ಇದ್ದರೆ ಸಾಕೆಂದು ಅವರು ಭಾವಿಸುತ್ತಾರೆ. ಆದರೆ ಆ ಪಟ್ಟಿ ಹೇಳುವುದು 80 ವಾಟ್‌ನ ಎಕ್ಸ್2 550ರ ಬಗ್ಗೆ. ಕೋರ್‌ಗಳೆಲ್ಲ ತೆರೆದ ಮೇಲೆ ಅದೇ ಪ್ರೊಸೆಸರಿನ ಬೇಡಿಕೆ ನಾಲ್ಕು ಕೋರ್‌ಗಳದೆಂದೇ ಮಾರಾಟವಾದ 125 ವಾಟ್‌ನ ಎಕ್ಸ್4 955ರ ಬೇಡಿಕೆಯ ಕಡೆಗೆ ಏರುತ್ತದೆ. ಆ ಕಾಲದ ಅಗ್ಗದ ಬೋರ್ಡ್‌ಗಳಲ್ಲಿ ಹಲವು 95 ವಾಟ್‌ವರೆಗಿನ ಪ್ರೊಸೆಸರ್‌ಗಳಿಗೆ ಮಾತ್ರ ತಯಾರಾದವು. ಆದ್ದರಿಂದ ಪಟ್ಟಿಯಲ್ಲಿ ಹುಡುಕಬೇಕಾದದ್ದು ನಿಮ್ಮ ಪ್ರೊಸೆಸರಿನ ಹೆಸರನ್ನಲ್ಲ, ಎಕ್ಸ್4 955 ಅಥವಾ 965ರ 125 ವಾಟ್ ಮಾದರಿಯ ಹೆಸರನ್ನು. ಅದು ಇಲ್ಲದಿದ್ದರೆ ಆ ಬೋರ್ಡಿನಲ್ಲಿ ನಾಲ್ಕು ಕೋರ್‌ಗಳ ಆಸೆಯನ್ನು ಬಿಡುವುದೇ ಲೇಸು. ಸಾಕೆಟ್ಟಿನ ಪಕ್ಕದಲ್ಲಿರುವ ವೋಲ್ಟೇಜ್ ನಿಯಂತ್ರಕ ಬಿಡಿಭಾಗಗಳ ಮೇಲೆ ಹೀಟ್‌ಸಿಂಕ್ ಇದೆಯೇ, ಕೂಲರಿನ ಗಾಳಿ ಅಲ್ಲಿಗೆ ತಲುಪುತ್ತದೆಯೇ ಎಂಬುದನ್ನೂ ಗಮನಿಸಿ. ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡಿ ಆಮೇಲೆ ಯಂತ್ರ ನಿಂತುಹೋಗುತ್ತಿದ್ದರೆ, ಕೋರ್‌ಗಿಂತ ಮೊದಲು ಈ ಭಾಗದ ಬಿಸಿಯನ್ನೇ ಸಂಶಯಿಸಬೇಕು. ಬೋರ್ಡಿನಲ್ಲಿ ಪ್ರೊಸೆಸರಿಗೆಂದು 8 ಪಿನ್ ವಿದ್ಯುತ್ ಸಾಕೆಟ್ ಇದ್ದು, ಪವರ್ ಸಪ್ಲೈನಿಂದ 4 ಪಿನ್ ಮಾತ್ರ ಸಿಕ್ಕಿಸಿದ್ದರೆ ಅದನ್ನೂ ಸರಿಪಡಿಸಿ.

ಬಯಾಸ್: ಹೆಸರು ಬೇರೆ, ವಿಧಾನವೂ ಬೇರೆ

ಎಸ್‌ಬಿ710 ಮತ್ತು ಎಸ್‌ಬಿ750 ಎಂಬ ಸೌತ್‌ಬ್ರಿಜ್ (ಡಿಸ್ಕ್, ಯುಎಸ್‌ಬಿ ಮುಂತಾದವನ್ನು ನಿಭಾಯಿಸುವ ಬೋರ್ಡಿನ ಚಿಪ್) ಇರುವ ಬೋರ್ಡ್‌ಗಳಲ್ಲಿ ಕೋರ್‌ಗಳು ತೆರೆದುಕೊಳ್ಳುವುದು ಅಡ್ವಾನ್ಸ್‌ಡ್ ಕ್ಲಾಕ್ ಕ್ಯಾಲಿಬ್ರೇಷನ್, ಅಂದರೆ ಎಸಿಸಿ, ಎಂಬ ಆಯ್ಕೆಯ ಮೂಲಕ. ಎಸ್‌ಬಿ850 ಬಂದಾಗ ಆ ಆಯ್ಕೆ ಅಧಿಕೃತವಾಗಿ ಉಳಿಯಲಿಲ್ಲ. ಬೋರ್ಡ್ ತಯಾರಕರು ತಮ್ಮದೇ ವ್ಯವಸ್ಥೆಗಳನ್ನು ಸೇರಿಸಿದರು. ಏಸಸ್ ಅದನ್ನು ಕೋರ್ ಅನ್‌ಲಾಕರ್ ಎಂದಿತು, ಏಸ್‌ರಾಕ್ ಯುಸಿಸಿ ಎಂದಿತು, ಎಂಎಸ್‌ಐ ಅನ್‌ಲಾಕ್ ಸಿಪಿಯು ಕೋರ್ ಎಂದಿತು. ಎನ್‌ವಿಡಿಯಾ ಚಿಪ್‌ಸೆಟ್ಟಿನ ಕೆಲವು ಬೋರ್ಡ್‌ಗಳಲ್ಲಿ ಇದು ಎನ್‌ವಿಸಿಸಿ. ಗಿಗಾಬೈಟ್‌ನ ಕೆಲವು ಹಳೆಯ ಬೋರ್ಡ್‌ಗಳಲ್ಲಿ ಎಸಿಸಿಯ ಜೊತೆಗೆ ಇಸಿ ಫರ್ಮ್‌ವೇರ್ ಎಂಬುದನ್ನು ಹೈಬ್ರಿಡ್ ಎಂದು ಬದಲಿಸಬೇಕು. ಹೀಗಿರುವಾಗ ಹಳೆಯ ಬೋರ್ಡಿನ ಸೆಟ್ಟಿಂಗ್‌ಗಳನ್ನು ಹೊಸದರಲ್ಲಿ ಯಥಾವತ್ ತುಂಬುವುದರಿಂದ ಪ್ರಯೋಜನವಿಲ್ಲ.

ಬಯಾಸ್‌ನ ಆವೃತ್ತಿ ತೀರ ಹಳೆಯದಾಗಿದ್ದರೆ ನವೀಕರಿಸಬಹುದು. ಆದರೆ ಕೋರ್‌ಗಳು ತೆರೆದಿರುವಾಗ ಬಯಾಸ್ ಬರೆಯುವ ಕೆಲಸಕ್ಕೆ ಎಂದಿಗೂ ಕೈಹಾಕಬೇಡಿ. ನಡುವೆ ಯಂತ್ರ ಸ್ತಬ್ಧವಾದರೆ ಬೋರ್ಡೇ ನಿಷ್ಪ್ರಯೋಜಕವಾಗುತ್ತದೆ. ಹೊಸ ಆವೃತ್ತಿ ಯಾವಾಗಲೂ ಉತ್ತಮವೆಂದೂ ತಿಳಿಯಬೇಡಿ. ಅನ್‌ಲಾಕ್‌ಗೆ ಒಂದು ಆವೃತ್ತಿ ಒಗ್ಗಿ ಇನ್ನೊಂದು ಒಗ್ಗದೇ ಇರಬಹುದಾದ್ದರಿಂದ ಈಗಿರುವ ಆವೃತ್ತಿಯ ಪ್ರತಿಯನ್ನು ಮೊದಲು ಉಳಿಸಿಕೊಳ್ಳಿ.

ಒಂದೊಂದೇ ಕೋರ್

ಇಷ್ಟಾದ ಮೇಲೆ ಅನ್‌ಲಾಕ್ ಆಯ್ಕೆಯನ್ನು ಚಾಲೂ ಮಾಡಿ. ಕೂಲ್ ಎನ್ ಕ್ವೈಟ್ ಮತ್ತು ಸಿ1ಇ ಎಂಬ ವಿದ್ಯುತ್ ಉಳಿತಾಯದ ಆಯ್ಕೆಗಳನ್ನು ಸದ್ಯಕ್ಕೆ ಆಫ್ ಮಾಡಿ. ಓವರ್‌ಕ್ಲಾಕ್ (ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವುದು) ಇದ್ದರೆ ಅದನ್ನೂ ತೆಗೆದು ಮೂಲ ವೇಗಕ್ಕೆ ಬನ್ನಿ. ನಂತರ ಬಯಾಸ್‌ನಲ್ಲಿ ಕೋರ್ ಆಕ್ಟಿವೇಷನ್ ಎಂಬಂಥ ಪಟ್ಟಿ ಇದ್ದರೆ, ಮುಚ್ಚಿದ್ದ ಎರಡರಲ್ಲಿ ಒಂದನ್ನು ಮಾತ್ರ ತೆರೆದು ಪರೀಕ್ಷಿಸಿ, ಆಮೇಲೆ ಅದನ್ನು ಮುಚ್ಚಿ ಇನ್ನೊಂದನ್ನು ತೆರೆಯಿರಿ. ಎರಡೂ ಒಂಟಿಯಾಗಿ ಉತ್ತೀರ್ಣವಾಗಿ, ಒಟ್ಟಿಗೆ ತೆರೆದಾಗ ಮಾತ್ರ ಯಂತ್ರ ಕುಸಿದರೆ ದೋಷ ವಿದ್ಯುತ್ತಿನದೋ ಬಿಸಿಯದೋ ಆಗಿರುವುದೇ ಹೆಚ್ಚು. ಒಂದು ಕೋರ್ ಒಂಟಿಯಾಗಿಯೂ ಸೋತರೆ ಅಪರಾಧಿ ಸಿಕ್ಕಂತೆ.

ಪರೀಕ್ಷೆಗೆ ಪ್ರೈಮ್95ರ ಸ್ಮಾಲ್ ಎಫ್‌ಎಫ್‌ಟಿ ಆಯ್ಕೆ ಸೂಕ್ತ. ಅದು ಮೆಮೊರಿಯನ್ನು ಹೆಚ್ಚು ಮುಟ್ಟದೆ ಕೋರ್‌ಗಳನ್ನೇ ದಣಿಸುತ್ತದೆ. ಯಂತ್ರ ನಿಲ್ಲದೆ ಒಂದು ವರ್ಕರ್ (ಒಂದೊಂದು ಕೋರಿಗೆ ಪ್ರೈಮ್95 ಹಂಚುವ ಲೆಕ್ಕದ ಕೆಲಸ) ಮಾತ್ರ ರೌಂಡಿಂಗ್ ದೋಷ ತೋರಿಸಿ ನಿಂತರೂ ಅದು ಸೋಲೇ. ನೀಲಿ ಪರದೆ ಬಂದರೆ ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ: 0x101 ಎಂದರೆ ಒಂದು ಕೋರ್ ಗಡಿಯಾರದ ಕರೆಗೆ ಸಕಾಲಕ್ಕೆ ಓಗೊಡಲಿಲ್ಲ ಎಂದರ್ಥ, 0x124 ಎಂದರೆ ಹಾರ್ಡ್‌ವೇರೇ ಸರಿಪಡಿಸಲಾಗದ ದೋಷವನ್ನು ವರದಿ ಮಾಡಿದೆ ಎಂದರ್ಥ. ಪ್ರೊಸೆಸರಿನ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶದಲ್ಲಿ ಎಕ್ಸ್2 555ರ ಹೆಸರು ಎಕ್ಸ್4 ಬಿ55 ಎಂದು ಬದಲಾಗಿ ಕಾಣುವುದು ಸಹಜ. ತೊಡಕಿರುವುದು ತಾಪದ ವಿಷಯದಲ್ಲಿ. ಅನ್‌ಲಾಕ್ ಆದ ಮೇಲೆ ಕೋರ್‌ಗಳ ತಾಪ ಸೊನ್ನೆಯೆಂದೋ ಅಸಂಬದ್ಧ ಅಂಕಿಯೆಂದೋ ಕಾಣಿಸುತ್ತದೆ. ಆಗ ಬೋರ್ಡಿನ ಸಾಕೆಟ್ ಸೆನ್ಸರ್ ತೋರಿಸುವ ಸಿಪಿಯು ತಾಪವನ್ನೇ ನೆಚ್ಚಬೇಕು. ಎಕ್ಸ್4 955ರ 125 ವಾಟ್ ಮಾದರಿಗೆ ಎಎಂಡಿ ನಿಗದಿಪಡಿಸಿದ ಗರಿಷ್ಠ ಮಿತಿ 62 ಡಿಗ್ರಿ ಸೆಲ್ಸಿಯಸ್. ಸಾಕೆಟ್ ಸೆನ್ಸರಿನ ಅಂಕಿ ಅಷ್ಟೇನೂ ನಿಖರವಲ್ಲದ ಕಾರಣ ಪೂರ್ಣ ಭಾರದಲ್ಲಿ 55ರ ಆಸುಪಾಸಿನಲ್ಲೇ ನಿಲ್ಲಿಸಿಕೊಳ್ಳುವುದು ಜಾಣತನ.

ವೋಲ್ಟೇಜ್ ಏರಿಸುವುದು ಎಲ್ಲಿಯವರೆಗೆ?

ಸೋತ ಕೋರ್ ಮೂರನೆಯ ಗುಂಪಿನದೇ ಎಂದು ತಿಳಿಯಲು ವೋಲ್ಟೇಜ್ ಏರಿಸಿ ನೋಡಬಹುದು. ಆಟೊ ಎಂದಿರುವ ಕಡೆ ಹಳೆಯ ಬೋರ್ಡ್ ಎಷ್ಟು ಕೊಡುತ್ತಿತ್ತೋ ಹೊಸದು ಅಷ್ಟೇ ಕೊಡಬೇಕೆಂದಿಲ್ಲ. ಪೂರ್ಣ ಭಾರದಲ್ಲಿ ವೋಲ್ಟೇಜ್ ಎಷ್ಟು ಕುಸಿಯುತ್ತದೆ ಎಂಬುದೂ ಬೋರ್ಡಿನಿಂದ ಬೋರ್ಡಿಗೆ ಬೇರೆ. ಆದ್ದರಿಂದ ಬಯಾಸ್ ಪರದೆಯ ಅಂಕಿಗಿಂತ, ಪರೀಕ್ಷೆ ನಡೆಯುತ್ತಿರುವಾಗ ಸಿಪಿಯು-ಝಡ್ ತೋರಿಸುವ ಅಂಕಿಗೆ ಬೆಲೆ ಕೊಡಿ. 0.025 ವೋಲ್ಟ್‌ನಂತೆ ಏರಿಸಿ, ಪ್ರತಿ ಬಾರಿ ಪರೀಕ್ಷೆ ಮತ್ತು ತಾಪ ಎರಡನ್ನೂ ನೋಡಿ. ಮೂಲ ವೇಗದಲ್ಲಿಯೇ 1.4 ವೋಲ್ಟ್ ದಾಟಬೇಕಾಗಿ ಬಂದರೆ ಆ ಕೋರನ್ನು ಕೈಬಿಡುವುದು ಲೇಸೆಂದು ನನ್ನ ಅನಿಸಿಕೆ, ಏಕೆಂದರೆ ಒಂದು ದುರ್ಬಲ ಕೋರ್‌ಗಾಗಿ ಉಳಿದ ಮೂರೂ ಅನಗತ್ಯ ಬಿಸಿಯನ್ನು ಸಹಿಸಬೇಕಾಗುತ್ತದೆ. ಎಸಿಸಿ ಇರುವ ಬೋರ್ಡಿನಲ್ಲಿ ಪ್ರತಿ ಕೋರಿಗೆ ಶೇಕಡಾವಾರು ಅಂಕಿ ಕೊಡುವ ಅವಕಾಶವಿದ್ದರೆ, ಸೋತ ಕೋರಿಗೆ ಮಾತ್ರ ಎರಡೆರಡು ಶೇಕಡಾ ಹೆಚ್ಚುಕಡಿಮೆ ಮಾಡಿ ನೋಡಬಹುದು. ಅದರಿಂದ ಫಲ ಸಿಕ್ಕೇ ಸಿಗುತ್ತದೆಂಬ ಭರವಸೆ ಇಲ್ಲ.

ಅಥ್ಲಾನ್ 2 ಬಳಸುವವರಿಗೆ ಇನ್ನೊಂದು ಮಾತು. ಕೆಲವು ಅಥ್ಲಾನ್ 2ಗಳಲ್ಲಿ ಡೆನೆಬ್ ಚಿಪ್ಪೇ ಇದ್ದು, ಅನ್‌ಲಾಕ್ ಮಾಡಿದಾಗ ಕೋರ್‌ಗಳೆಲ್ಲ ಹಂಚಿಕೊಳ್ಳುವ 6 ಎಂಬಿಯ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಕೂಡ ತೆರೆದುಕೊಳ್ಳುತ್ತದೆ. ದೋಷ ಆ ಕ್ಯಾಶ್‌ನಲ್ಲಿದ್ದರೆ ಒಂದೇ ಕೋರ್ ಸೋಲುವ ಬದಲು ಈ ಸಲ ಒಂದು, ಮುಂದಿನ ಸಲ ಇನ್ನೊಂದು ಸೋಲುತ್ತದೆ. ಅದಕ್ಕೆ ಕೋರ್ ವೋಲ್ಟೇಜ್ ಮದ್ದಲ್ಲ. ಆ ಕ್ಯಾಶ್ ಮತ್ತು ಮೆಮೊರಿ ನಿಯಂತ್ರಕಕ್ಕೆ ಸಿಗುವ ಸಿಪಿಯು-ಎನ್‌ಬಿ ವೋಲ್ಟೇಜನ್ನು ತುಸು ಏರಿಸಿ ನೋಡಬೇಕು, ಆಗದಿದ್ದರೆ ಅನ್‌ಲಾಕನ್ನೇ ಬಿಡಬೇಕು.

ಭಾರದಲ್ಲಿ ಗೆದ್ದು ಬಿಡುವಿನಲ್ಲಿ ಸೋತರೆ

ಪ್ರೈಮ್95 ಇಡೀ ರಾತ್ರಿ ಓಡಿದರೂ, ಬೆಳಿಗ್ಗೆ ಸುಮ್ಮನೆ ಏನನ್ನೋ ಓದುತ್ತಿರುವಾಗ ಯಂತ್ರ ನಿಂತುಬಿಡುವ ಪ್ರಕರಣಗಳು ಉಂಟು. ಕೂಲ್ ಎನ್ ಕ್ವೈಟ್ ಚಾಲೂ ಇದ್ದಾಗ ಬಿಡುವಿನ ವೇಳೆ ಈ ಪ್ರೊಸೆಸರ್‌ಗಳ ವೇಗ 800 ಮೆಗಾಹರ್ಟ್ಜ್‌ಗೆ ಇಳಿಯುತ್ತದೆ, ವೋಲ್ಟೇಜೂ ಇಳಿಯುತ್ತದೆ. ದುರ್ಬಲ ಕೋರ್ ಆ ಇಳಿದ ವೋಲ್ಟೇಜನ್ನಾಗಲಿ, ಮೇಲಕ್ಕೂ ಕೆಳಕ್ಕೂ ಆಗುವ ಬದಲಾವಣೆಯನ್ನಾಗಲಿ ತಾಳಲಾರದು. ಆದ್ದರಿಂದಲೇ ಆ ಆಯ್ಕೆಯನ್ನು ಮೊದಲು ಆಫ್ ಮಾಡಲು ಹೇಳಿದ್ದು. ಭಾರದ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅದನ್ನು ಮತ್ತೆ ಚಾಲೂ ಮಾಡಿ ಒಂದೆರಡು ದಿನ ಮಾಮೂಲಿ ಕೆಲಸಗಳಿಗೆ ಯಂತ್ರವನ್ನು ಬಳಸಿ ನೋಡಿ. ತೊಂದರೆ ಮರಳಿದರೆ, ವಿದ್ಯುತ್ ಸ್ವಲ್ಪ ಹೆಚ್ಚು ಖರ್ಚಾದರೂ ಅದನ್ನು ಆಫ್ ಆಗಿಯೇ ಇಡುವುದೋ ಕೋರನ್ನು ಮುಚ್ಚುವುದೋ ಎಂಬುದು ನಿಮ್ಮ ಆಯ್ಕೆ. ದಿನವಿಡೀ ಚಾಲೂ ಇರುವ ಯಂತ್ರವಾದರೆ ಎರಡನೆಯದೇ ಸರಿ.

ನಾಲ್ಕನೆಯ ಕೋರ್ ಒಪ್ಪದಿದ್ದರೂ ಮೂರನೆಯದು ಒಪ್ಪಿದರೆ ಮೂರು ಕೋರ್‌ಗಳಲ್ಲಿ ನಿಲ್ಲಲು ಅಡ್ಡಿಯಿಲ್ಲ. ಯಾವ ಕೋರ್ ತೆರೆದಿದೆ, ವೋಲ್ಟೇಜ್ ಎಷ್ಟು, ಬಯಾಸ್‌ನ ಆವೃತ್ತಿ ಯಾವುದು ಎಂಬುದನ್ನು ಕಾಗದದಲ್ಲಿ ಬರೆದು ಪೆಟ್ಟಿಗೆಯ ಒಳಬದಿಗೆ ಅಂಟಿಸಿ. ಬೋರ್ಡಿನ ಬ್ಯಾಟರಿ ಮುಗಿದ ದಿನ ಅದು ಉಪಯೋಗಕ್ಕೆ ಬರುತ್ತದೆ. ಕೊನೆಗೆ, ಯಂತ್ರ ಅಸ್ಥಿರವಾಗಿದ್ದ ದಿನಗಳಲ್ಲಿ ಕಡತಗಳು ಕೆಟ್ಟಿರಬಹುದಾದ್ದರಿಂದ ವಿಂಡೋಸ್‌ನ ಚೆಕ್‌ಡಿಸ್ಕ್ ಮತ್ತು ಎಸ್‌ಎಫ್‌ಸಿ ಪರೀಕ್ಷೆಗಳನ್ನು ಒಮ್ಮೆ ಓಡಿಸಿ. ಆ ಅವಧಿಯಲ್ಲಿ ಉಳಿಸಿದ ದಾಖಲೆಗಳನ್ನು ಮತ್ತು ಬಿಡಿಸಿದ ಜಿಪ್ ಕಡತಗಳನ್ನು ತೆರೆದು ನೋಡಿ, ಅನುಮಾನ ಬಂದವನ್ನು ಮೊದಲೇ ತೆಗೆದಿಟ್ಟ ಪ್ರತಿಯಿಂದ ಬದಲಿಸಿಕೊಳ್ಳಿ.