ಪಿಗ್ಮಿ ಲೆಕ್ಕದ ಹಳೇ ಪ್ಯಾಸ್ಕಲ್ ಮತ್ತೆ ಓಡಿತು

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಊರಿನವರದ್ದೇ ಒಂದು ಕ್ರೆಡಿಟ್ ಸೊಸೈಟಿ ಇದೆ. ಅದರ ಪಿಗ್ಮಿ ಲೆಕ್ಕದ ಪ್ರೋಗ್ರಾಂ ಡಾಸ್ ಕಾಲದ್ದು, ಪ್ಯಾಸ್ಕಲ್ ಭಾಷೆಯಲ್ಲಿ ಬರೆದದ್ದು. ಅದನ್ನೇ ಇವತ್ತಿನ ಕಂಪ್ಯೂಟರಿಗೆ ತಂದೆ. ಈಗ ಅದು ಫ್ರೀ ಪ್ಯಾಸ್ಕಲ್‌ನಲ್ಲಿ (ಪ್ಯಾಸ್ಕಲ್ ಕೋಡನ್ನು ಓಡುವ ಪ್ರೋಗ್ರಾಂ ಮಾಡಿಕೊಡುವ ಇವತ್ತಿನ ಕಂಪೈಲರ್) ಓಡುತ್ತಿದೆ. ಒಂದು ಪೈಸೆ ಆಚೀಚೆ ಇಲ್ಲ. "ಅದು ಆಗುವ ಕೆಲಸ ಅಲ್ಲ ಮಾರಾಯ್ರೇ, ಹೊಸತೇ ಬರೆಸಿ" ಅಂದವರೇ ಜಾಸ್ತಿ. ಹೊಸತಕ್ಕೆ ಬಂದ ಕೊಟೇಶನ್ ನಾಲ್ಕೂವರೆ ಲಕ್ಷದ ಹತ್ತಿರ. ನಾನು ತೆಗೆದುಕೊಂಡದ್ದು 70,000.

ಮೂಲ ಕೋಡ್ ಡಾಸ್ ಕಾಲದ ಕಂಪೈಲರ್ ಟರ್ಬೊ ಪ್ಯಾಸ್ಕಲ್ 5.5ರದ್ದು, ಸುಮಾರು 14,000 ಸಾಲು. 64 ಬಿಟ್ ವಿಂಡೋಸ್ ಬಂದ ಮೇಲೆ ಅದು ನೇರ ಓಡುತ್ತಿರಲಿಲ್ಲ, ಡಾಸ್‌ಬಾಕ್ಸ್‌ನಲ್ಲಿ (ಡಾಸನ್ನು ಅನುಕರಿಸುವ ಸಾಫ್ಟ್‌ವೇರ್) ಹೇಗೋ ದಿನ ತಳ್ಳುತ್ತಿದ್ದರು. ಮೂಲ ಕೋಡ್ ಇದ್ದದ್ದು ಫ್ಲಾಪಿಗಳಲ್ಲಿ. ಲ್ಯಾಮಿಂಗ್ಟನ್ ರೋಡಿನಲ್ಲಿ 1,500 ಕೊಟ್ಟು ಯುಎಸ್‌ಬಿ ಫ್ಲಾಪಿ ಡ್ರೈವ್ ತಂದೆ. ಒಂದು ಫ್ಲಾಪಿ ಓದಲೇ ಇಲ್ಲ. ಅದರಲ್ಲಿದ್ದ ಬಡ್ಡಿಯ ಯೂನಿಟ್ಟನ್ನು (ಕೋಡಿನ ಒಂದು ಭಾಗ) ಕಪಾಟಿನಲ್ಲಿ ಸಿಕ್ಕ ಪ್ರಿಂಟ್‌ಔಟ್ ನೋಡಿ ನಾಲ್ಕು ರಾತ್ರಿ ಕೂತು ಟೈಪ್ ಮಾಡಿದೆ. ಮಸಿ ಮಾಸಿ 3 ಯಾವುದು, 8 ಯಾವುದು ಅಂತ ತಿಳಿಯುತ್ತಿರಲಿಲ್ಲ.

ಕಂಪೈಲ್ ಬೇಗ ಆಯಿತು. ವಿಡಿಯೊ ಮೆಮೊರಿಗೆ ನೇರ ಬರೆಯುವ ಭಾಗ, ಓವರ್‌ಲೇ (ಮೆಮೊರಿ ಸಾಲದೆ ಕೋಡನ್ನು ತುಂಡು ತುಂಡಾಗಿ ತರುವ ಹಳೇ ಉಪಾಯ) ಎಲ್ಲ ಕಿತ್ತು ಹಾಕಿದೆ. ನಿಜವಾದ ಜಗಳ ಡೇಟಾ ಫೈಲಿನ ಜೊತೆ.

ನಾನು ಶುರು ಮಾಡಿದ್ದು ಫ್ರೀ ಪ್ಯಾಸ್ಕಲ್‌ನ ಆಬ್ಜೆಕ್ಟ್ ಪ್ಯಾಸ್ಕಲ್ ಮೋಡ್‌ನಲ್ಲಿ, ಅಲ್ಲಿ ಕೆಲವು ಬಗೆಯ ಡೇಟಾ ಹಳೆಯದಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಖಾತೆಯ ರೆಕಾರ್ಡ್ (ಒಂದು ಖಾತೆಯ ಮಾಹಿತಿಯ ಕಟ್ಟು) ಹಳೆಯದರಲ್ಲಿ 56 ಬೈಟ್, ಹೊಸದರಲ್ಲಿ 80. ಮೊದಲ ಖಾತೆಯ ಹೆಸರು ಸರಿ, ಎರಡನೆಯದರಿಂದ ಎಲ್ಲ ಕಲಸುಮೇಲೋಗರ. ಇಂಟಿಜರ್‌ಗಳನ್ನು (ಪೂರ್ಣಸಂಖ್ಯೆ) ಎರಡು ಬೈಟಿನ ಸ್ಮಾಲ್‌ಇಂಟ್ ಮಾಡಿ, ನಡುವೆ ಖಾಲಿ ಜಾಗ ಬಿಡದ ಪ್ಯಾಕ್ಡ್ ರೆಕಾರ್ಡ್ ಹಾಕಿ, ಎನ್ಯೂಮ್ (ಹೆಸರಿಟ್ಟ ಆಯ್ಕೆಗಳ ಪಟ್ಟಿ) ಒಂದೇ ಬೈಟ್ ಅಂತ ಹೇಳಿದೆ. ಆದರೂ ಕೂಡಲಿಲ್ಲ. ಹಳೇ ರಿಯಲ್ (ದಶಮಾಂಶ ಸಂಖ್ಯೆ) 6 ಬೈಟ್, ಇಲ್ಲಿ 8. ಟಿಪಿ ಮೋಡ್ (ಟರ್ಬೊ ಪ್ಯಾಸ್ಕಲ್‌ನಂತೆ ನಡೆಯುವ ಆಯ್ಕೆ) ಹಾಕಿದರೂ ಇದು ಹಾಗೇ ಇರುತ್ತದೆ. ಆರು ಬೈಟ್ ಹಾಗೇ ಓದಿ ನಾನೇ ಬಿಡಿಸಿದೆ: ಮೊದಲ ಬೈಟ್ ಘಾತ (ಎರಡರ ಎಷ್ಟನೇ ಪವರ್ ಅನ್ನುವುದು), ಕೊನೆಯ ಬೈಟಿನ ಮೇಲಿನ ಬಿಟ್ ಚಿಹ್ನೆ. ಘಾತದಿಂದ 129 ಕಳೆಯಬೇಕು. ನಾನು 128 ಕಳೆದಿದ್ದೆ, ಎಲ್ಲರ ಠೇವಣಿ ಎರಡು ಪಟ್ಟಾಗಿ ಬಂತು! ಅದು ಗೊತ್ತಾಗಲು ಎರಡು ದಿನ ಹೋಯಿತು.

ಆಮೇಲೂ ಬಡ್ಡಿಯಲ್ಲಿ ಸುಮಾರು 40 ಖಾತೆಗೆ ಒಂದೊಂದು ಪೈಸೆ ಕಡಿಮೆ. ಸೊಸೈಟಿ ಸೆಕ್ರೆಟರಿ ಪಾಸ್‌ಬುಕ್ ಮುಂದಿಟ್ಟು, "ಪೈಸೆ ಅಂದ್ರೂ ಅದು ಅವರ ದುಡ್ಡು ಅಲ್ವಾ?" ಅಂದರು. ಸರಿಯಾದ ಮಾತು. ರೌಂಡ್ ಫಂಕ್ಷನ್ನೇ ಬೇರೆ! 162.5 ಪೈಸೆಯನ್ನು ಹಳೆಯದು 163 ಮಾಡುತ್ತಿತ್ತು, ಫ್ರೀ ಪ್ಯಾಸ್ಕಲ್ ಹತ್ತಿರದ ಸಮಸಂಖ್ಯೆ 162ಕ್ಕೆ ಇಳಿಸುತ್ತದೆ. ಅರ್ಧ ಕೂಡಿಸಿ ಟ್ರಂಕ್ ಮಾಡಿದೆ (ದಶಮಾಂಶ ಭಾಗ ಕತ್ತರಿಸುವ ಫಂಕ್ಷನ್), ಹೆಚ್ಚಿನವು ಕೂಡಿದವು. ಉಳಿದ ಆರೇಳು ಖಾತೆಗಳನ್ನು ಹೇಗೆ ಹಿಡಿದೆ ಅನ್ನುವುದು ನನ್ನ ಹತ್ತಿರವೇ ಇರಲಿ, ಇನ್ನೂ ಎರಡು ಸೊಸೈಟಿಗಳ ಕೆಲಸ ಬರುವುದಿದೆ.

ನಡುವೆ ಇನ್ನೊಂದು ಪ್ರಯತ್ನ ಮಾಡಿದೆ. ಹೆಸರು ಕನ್ನಡದಲ್ಲೇ ಬರಲಿ ಅಂತ ಆಸೆ. ಕನ್ನಡ ಅಕ್ಷರ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ "ಶ್ರೀನಿವಾಸ" ಒಂದಕ್ಕೇ 27 ಬೈಟ್, ಹೆಸರಿಗಿದ್ದ ಜಾಗ 30. ಅಡ್ಡಹೆಸರು ಹೊರಗೆ. ಈಗ ಕನ್ನಡ ಹೆಸರಿಗೆ ಬೇರೆ ಫೈಲ್ ಮಾಡಿದ್ದೇನೆ, ಖಾತೆ ನಂಬರಿನಿಂದ ಜೋಡಿಸಿದ್ದೇನೆ.

ಹಳೆಯದು, ಹೊಸದು ಎರಡನ್ನೂ ಮೂರು ತಿಂಗಳು ಒಟ್ಟಿಗೆ ಓಡಿಸಿದೆವು. ದಿನಾ ಸಂಜೆ ಏಜೆಂಟರು ಬಂದ ಮೇಲೆ ಎರಡರ ಒಟ್ಟು ಮೊತ್ತ ಪಕ್ಕಪಕ್ಕ ಇಟ್ಟು ನೋಡುವುದು. ಕೊನೆಯ ದಿನ ಸೆಕ್ರೆಟರಿ ಡಾಸ್‌ಬಾಕ್ಸ್ ಐಕಾನನ್ನು ತಾವೇ ಡಿಲೀಟ್ ಮಾಡಿ, ಚೆಕ್ ಬರೆದುಕೊಟ್ಟರು.